ವಿಂಡ್ಸ್ ಆಫ್ ಸಂಸಾರ

ವಿಂಡ್ಸ್ ಆಫ್ ಸಂಸಾರ ಎಂಬುದು ಬೆಂಗಳೂರಿನ ಸಂಗೀತ ಸಂಯೋಜಕ ರಿಕ್ಕಿ ಕೇಜ್ ಮತ್ತು ದಕ್ಷಿಣ ಆಫ್ರಿಕಾದ ಕೊಳಲುವಾದಕ ವೌಟರ್ ಕೆಲ್ಲರ್‌ಮನ್ ಜೊತೆಗೂಡಿ ರಚಿಸಿದ ಸಂಗೀತ ಆಲ್ಬಮ್. 2014ರಲ್ಲಿ ಬಿಡುಗಡೆಯಾದ ಈ ಕೃತಿಯು 2015ರಲ್ಲಿ ‘ಅತ್ಯುತ್ತಮ ನ್ಯೂ ಏಜ್ ಆಲ್ಬಮ್’ ವಿಭಾಗದಲ್ಲಿ ಗ್ರ್ಯಾಮಿ ಪ್ರಶಸ್ತಿಯನ್ನು ಪಡೆಯಿತು. ಅದುವರೆಗೆ ಹೆಚ್ಚಾಗಿ ಜಾಹೀರಾತುಗಳಿಗೆ ಸಂಗೀತ ನೀಡುತ್ತಿದ್ದ ಕೇಜ್ ಅವರ ವೃತ್ತಿಜೀವನದ ದಿಕ್ಕನ್ನೇ ಈ ಆಲ್ಬಮ್ ಬದಲಿಸಿತು.

ಹಿನ್ನೆಲೆ

ರಿಕ್ಕಿ ಕೇಜ್ 1981ರ ಆಗಸ್ಟ್ 5ರಂದು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಜನಿಸಿದರು. ಎಂಟನೆಯ ವಯಸ್ಸಿನಲ್ಲಿ ಕುಟುಂಬದೊಡನೆ ಬೆಂಗಳೂರಿಗೆ ಬಂದು ಬಿಷಪ್ ಕಾಟನ್ ಬಾಲಕರ ಶಾಲೆಯಲ್ಲಿ ಓದಿದರು. ಮುಂದೆ ದಂತವೈದ್ಯಕೀಯ ಪದವಿ ಪಡೆದರೂ ಆ ವೃತ್ತಿಯನ್ನು ಕೈಗೊಳ್ಳಲಿಲ್ಲ. ರಾಕ್ ತಂಡವೊಂದರಲ್ಲಿ ಕೀಬೋರ್ಡ್ ವಾದಕರಾಗಿದ್ದ ಅವರು ಅನಂತರ ಸ್ವಂತ ಸ್ಟುಡಿಯೋ ಸ್ಥಾಪಿಸಿ ಜಾಹೀರಾತುಗಳಿಗೆ ರಾಗ ಸಂಯೋಜಿಸತೊಡಗಿದರು. ಅವರು ರಚಿಸಿದ ಜಿಂಗಲ್‌ಗಳ ಸಂಖ್ಯೆ 3,000ಕ್ಕೂ ಹೆಚ್ಚು. ‘ಆಕ್ಸಿಡೆಂಟ್’ (2008), ‘ವೆಂಕಟ ಇನ್ ಸಂಕಟ’ (2009) ಮೊದಲಾದ ಕನ್ನಡ ಚಲನಚಿತ್ರಗಳಿಗೂ ಸಂಗೀತ ನೀಡಿದ್ದಾರೆ.

ಜಾಹೀರಾತು ಸಂಗೀತವು ಒಂದು ವಿಚಿತ್ರವಾದ ಕಸುಬು. ಅರ್ಧ ನಿಮಿಷವೂ ಮೀರದ ಅವಧಿಯಲ್ಲಿ ಕೇಳುಗನ ಮನಸ್ಸನ್ನು ಹಿಡಿಯಬೇಕು. ರಾಗ ನೆನಪಿನಲ್ಲಿ ಉಳಿಯಬೇಕು, ಆದರೆ ಅದರೊಡನೆ ಉಳಿಯಬೇಕಾದದ್ದು ಸರಕಿನ ಹೆಸರೇ ಹೊರತು ಸಂಯೋಜಕನದ್ದಲ್ಲ. ಚಲನಚಿತ್ರಗೀತೆಗಾದರೆ ಶೀರ್ಷಿಕೆ ಪಟ್ಟಿಯಲ್ಲಿ ಸಂಗೀತ ನಿರ್ದೇಶಕರ ಹೆಸರಿರುತ್ತದೆ, ದೂರದರ್ಶನದ ಜಾಹೀರಾತಿಗೆ ಅದೂ ಇಲ್ಲ. ಹೀಗಾಗಿ ಸಾವಿರಾರು ರಾಗಗಳನ್ನು ಮನೆಮನೆಗೆ ತಲುಪಿಸಿದ ಸಂಯೋಜಕನೊಬ್ಬ ಶ್ರೋತೃಗಳಿಗೆ ಅಪರಿಚಿತನಾಗಿಯೇ ಉಳಿಯುವುದು ಸಾಧ್ಯ. ಕೇಜ್ ಅವರ ಹೆಸರು ಕರ್ನಾಟಕದ ಜನಸಾಮಾನ್ಯರಿಗೆ ಪರಿಚಯವಾದದ್ದು ಗ್ರ್ಯಾಮಿ ಪ್ರಶಸ್ತಿಯ ಸುದ್ದಿಯಿಂದಲೇ ಎನ್ನಬಹುದು.

ಪರಿಕಲ್ಪನೆ

ಆಲ್ಬಮ್‌ಗೆ ಪ್ರೇರಣೆ ಮಹಾತ್ಮ ಗಾಂಧಿ ಮತ್ತು ನೆಲ್ಸನ್ ಮಂಡೇಲಾ ಅವರ ಆದರ್ಶಗಳು. ಇಬ್ಬರು ಕಲಾವಿದರ ದೇಶಗಳನ್ನು ಗಾಂಧೀಜಿಯ ಬದುಕೇ ಬೆಸೆದಿತ್ತು. 1893ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ತೆರಳಿದ ಅವರು 1914ರವರೆಗೆ, ಅಂದರೆ ಸುಮಾರು 21 ವರ್ಷಗಳ ಕಾಲ, ಅಲ್ಲಿದ್ದರು. 1910ರಲ್ಲಿ ಜೋಹಾನ್ಸ್‌ಬರ್ಗ್ ಬಳಿ ಟಾಲ್‌ಸ್ಟಾಯ್ ಫಾರ್ಮ್ ಸ್ಥಾಪನೆಯಾಯಿತು. ಅಲ್ಲಿ ರೂಪುಗೊಂಡ ಸತ್ಯಾಗ್ರಹದ ಮಾರ್ಗವೇ ಮುಂದೆ ಭಾರತದ ಸ್ವಾತಂತ್ರ್ಯ ಹೋರಾಟದ ಆಧಾರವಾಯಿತು. ಕರ್ನಾಟಕದಲ್ಲಿ ಅದಕ್ಕೆ ಪ್ರಸಿದ್ಧ ನಿದರ್ಶನ, ಕಾರವಾರದ ದಕ್ಷಿಣಕ್ಕಿರುವ ಅಂಕೋಲಾದಲ್ಲಿ 1930ರ ಏಪ್ರಿಲ್ 13ರಂದು ಆರಂಭವಾದ ಉಪ್ಪಿನ ಸತ್ಯಾಗ್ರಹ. ಗಾಂಧೀಜಿ ದಕ್ಷಿಣ ಆಫ್ರಿಕಾ ಬಿಟ್ಟು ಸರಿಯಾಗಿ ನೂರು ವರ್ಷ ತುಂಬಿದಾಗ ಈ ಆಲ್ಬಮ್ ಹೊರಬಂದಿತು. ಮಂಡೇಲಾ ಅದಕ್ಕೆ ಕೆಲವೇ ತಿಂಗಳ ಮೊದಲು, 2013ರ ಡಿಸೆಂಬರ್ 5ರಂದು, ನಿಧನರಾಗಿದ್ದರು.

‘ಮಹಾತ್ಮ’ ಮತ್ತು ‘ಮಡೀಬಾ’ ಎಂಬ ರಚನೆಗಳು ಈ ಇಬ್ಬರು ನಾಯಕರ ಸ್ಮರಣೆಗೆ ಮೀಸಲಾಗಿವೆ. ‘ಮಡೀಬಾ’ ಎಂಬುದು ಮಂಡೇಲಾ ಅವರ ಕುಲನಾಮ. ಅವರ ನಾಡಿನ ಜನ ಅವರನ್ನು ಗೌರವದಿಂದ ಕರೆಯುತ್ತಿದ್ದುದು ಈ ಹೆಸರಿನಿಂದಲೇ. ಶೀರ್ಷಿಕೆಯಲ್ಲಿರುವ ‘ಸಂಸಾರ’ವನ್ನು ಕನ್ನಡದ ರೂಢಿಯಂತೆ ಹೆಂಡತಿ ಮಕ್ಕಳ ಕುಟುಂಬವೆಂದು ತಿಳಿಯಬಾರದು. ಹುಟ್ಟು ಸಾವುಗಳ ಚಕ್ರ ಎಂಬ ಸಂಸ್ಕೃತದ ಮೂಲಾರ್ಥವೇ ಇಲ್ಲಿ ಉದ್ದಿಷ್ಟ.

ಸಂಗೀತ

ಆಲ್ಬಮ್‌ನ ತಯಾರಿಗೆ ಸುಮಾರು ಎರಡು ವರ್ಷ ಹಿಡಿಯಿತು. ಐದು ಖಂಡಗಳಲ್ಲಿ ಧ್ವನಿಮುದ್ರಣ ನಡೆದು, 120ಕ್ಕೂ ಹೆಚ್ಚು ಕಲಾವಿದರು ಭಾಗವಹಿಸಿದರು. ಪಾಶ್ಚಾತ್ಯ ತಂತಿವಾದ್ಯಗಳ ಮೇಳ, ಭಾರತೀಯ ವಾದ್ಯಗಳು ಮತ್ತು ಆಫ್ರಿಕಾದ ಲಯಗಳು ಇಲ್ಲಿ ಒಂದಾಗಿ ಬರುತ್ತವೆ. ಕೆಲ್ಲರ್‌ಮನ್ ಅವರ ಕೊಳಲು ಇವನ್ನು ಜೋಡಿಸುವ ಎಳೆ. ಇದನ್ನು ಪಾಶ್ಚಾತ್ಯ ಶಾಸ್ತ್ರೀಯ ಅರ್ಥದ ಸಿಂಫನಿ ಎನ್ನಲಾಗದು. ರಾಗವಿಸ್ತಾರಕ್ಕಾಗಿ ಕಾಯುವ ಹಿಂದೂಸ್ತಾನಿ ಶ್ರೋತೃವಿಗೆ ರಚನೆಗಳು ಬೇಗ ಮುಗಿದವೆನಿಸಬಹುದು. ಸುಲಭವಾಗಿ ನೆನಪಿನಲ್ಲಿ ಉಳಿಯುವ ಸ್ವರಗುಚ್ಛವನ್ನು ಮೊದಲಿಗೇ ನಿಲ್ಲಿಸಿ, ಅದರ ಸುತ್ತ ವಾದ್ಯಗಳನ್ನು ಒಂದೊಂದಾಗಿ ಕೂಡಿಸುವ ಕ್ರಮದಲ್ಲಿ ಜಾಹೀರಾತು ಸಂಯೋಜಕನ ಅಭ್ಯಾಸಬಲ ಕಾಣುತ್ತದೆ.

ಸ್ವಾಗತ ಮತ್ತು ಪ್ರಶಸ್ತಿ

2014ರ ಜುಲೈ ತಿಂಗಳಲ್ಲಿ ಆಲ್ಬಮ್ ಅಮೆರಿಕದ ಝೋನ್ ಮ್ಯೂಸಿಕ್ ರಿಪೋರ್ಟರ್ ಪಟ್ಟಿಯ ಮೊದಲ ಸ್ಥಾನದಲ್ಲಿತ್ತು. ಈ ಪಟ್ಟಿಗೆ ಆಧಾರ ಮಾರಾಟವಲ್ಲ, ಬಾನುಲಿಯಲ್ಲಿನ ಪ್ರಸಾರ.

2015ರ ಫೆಬ್ರವರಿ 8ರಂದು ಲಾಸ್ ಏಂಜಲೀಸ್‌ನಲ್ಲಿ ನಡೆದ 57ನೇ ಗ್ರ್ಯಾಮಿ ಸಮಾರಂಭದಲ್ಲಿ ಆಲ್ಬಮ್‌ಗೆ ಪ್ರಶಸ್ತಿ ದೊರೆಯಿತು. ಜಪಾನಿನ ಹಿರಿಯ ಸಂಗೀತಗಾರ ಕಿತಾರೊ, ಪೀಟರ್ ಕೇಟರ್ ಮತ್ತು ಆರ್. ಕಾರ್ಲೋಸ್ ನಕಾಯ್ ಜೋಡಿ ಮುಂತಾದವರ ಕೃತಿಗಳು ಅದೇ ವಿಭಾಗದ ಸ್ಪರ್ಧೆಯಲ್ಲಿದ್ದವು.

ನಂತರದ ವರ್ಷಗಳು

ಪ್ರಶಸ್ತಿಯ ನಂತರ ಕೇಜ್ ಜಾಹೀರಾತು ಕ್ಷೇತ್ರದಿಂದ ದೂರ ಸರಿದು, ಪರಿಸರ ಜಾಗೃತಿಯ ಸಂಗೀತಕ್ಕೆ ತಮ್ಮನ್ನು ಅರ್ಪಿಸಿಕೊಂಡರು. ಆದಾಯ ಖಚಿತವಾಗಿದ್ದ ಕೆಲಸವನ್ನು ಬೇಡಿಕೆ ಹೆಚ್ಚುವ ಹೊತ್ತಿನಲ್ಲೇ ಬಿಟ್ಟದ್ದು ಗಮನಾರ್ಹ. ‘ಶಾಂತಿ ಸಂಸಾರ’ ಆಲ್ಬಮ್ 2015ರ ಪ್ಯಾರಿಸ್ ಹವಾಮಾನ ಸಮ್ಮೇಳನದ ಸಂದರ್ಭದಲ್ಲಿ ಬಿಡುಗಡೆಯಾಯಿತು. ಡೇವಿಡ್ ಅಟೆನ್‌ಬರೋ ನಿರೂಪಣೆಯಿರುವ ‘ವೈಲ್ಡ್ ಕರ್ನಾಟಕ’ ಸಾಕ್ಷ್ಯಚಿತ್ರಕ್ಕೂ ಅವರದೇ ಸಂಗೀತ. ಸ್ಟುವರ್ಟ್ ಕೋಪ್‌ಲ್ಯಾಂಡ್ ಅವರೊಡನೆ ರಚಿಸಿದ ‘ಡಿವೈನ್ ಟೈಡ್ಸ್’ 2022 ಮತ್ತು 2023ರಲ್ಲಿ ಬೇರೆ ಬೇರೆ ವಿಭಾಗಗಳಲ್ಲಿ ಗ್ರ್ಯಾಮಿ ಪಡೆಯಿತು. 2023ರ ಅದೇ ಸಮಾರಂಭದಲ್ಲಿ ಕೆಲ್ಲರ್‌ಮನ್ ಕೂಡ ‘ಬಯೇಥೆ’ ಗೀತೆಗಾಗಿ ತಮ್ಮ ಸಹಕಲಾವಿದರೊಂದಿಗೆ ಎರಡನೆಯ ಗ್ರ್ಯಾಮಿ ಪಡೆದರು. ಭಾರತ ಸರ್ಕಾರವು ಕೇಜ್ ಅವರಿಗೆ 2025ರಲ್ಲಿ ಪದ್ಮಶ್ರೀ ನೀಡಿತು.