ಶಾಕ್ ಅಬ್ಸಾರ್ಬರ್ ಬದಲಾವಣೆ: ತುಸು ಎತ್ತರಿಸಿದ ಪಿಕಪ್ ವಾಹನಗಳಲ್ಲಿ

ವಾಹನದ ಆಕ್ಸಲ್ಲಿಗೂ ಛಾಸಿಗೂ ನಡುವೆ ಕೂತು ಸ್ಪ್ರಿಂಗಿನ ಕುಣಿತವನ್ನು ಹಿಡಿದು ನಿಲ್ಲಿಸುವ, ಎಣ್ಣೆ ತುಂಬಿದ ಕೊಳವೆಯೇ ಶಾಕ್ ಅಬ್ಸಾರ್ಬರ್. ಗ್ಯಾರೇಜಿನ ಬಾಯಲ್ಲಿ ಅದು ಕರ್ನಾಟಕದಲ್ಲಿ ಶಾಕಪ್ಸರ್, ಪುಣೆಯಲ್ಲಿ ಶಾಕಪ್. ಕಂಪನಿಯಿಂದ ಬಂದ ಎತ್ತರದಲ್ಲೇ ಓಡುವ ಪಿಕಪ್ಪಿನಲ್ಲಿ ಸವೆದ ಶಾಕಪ್ ಬದಲಿಸುವುದು ಒಂದು ಮಧ್ಯಾಹ್ನದ ಕೆಲಸ. ಹಳೆಯದರ ನಂಬರು ನೋಡಿ ಹೊಸದನ್ನು ತಂದು ಹಾಕಿದರೆ ಮುಗಿಯಿತು. ವಾಹನವನ್ನು ಒಂದೂವರೆ ಎರಡು ಇಂಚು, ಅಂದರೆ 40ರಿಂದ 50 ಮಿ.ಮೀ. ಎತ್ತರಿಸಿದ್ದರೆ ಆ ನಂಬರನ್ನು ನಂಬುವಂತಿಲ್ಲ. ಪುಣೆಯ ದಂಡು ಪ್ರದೇಶವಾದ ಕ್ಯಾಂಪಿನ ಸುತ್ತಮುತ್ತ ಇಂಥ ಪಿಕಪ್ಪುಗಳು ಎರಡು ಬಗೆಯವು: ತರಕಾರಿ, ಸಿಮೆಂಟು, ಗ್ಯಾಸ್ ಸಿಲಿಂಡರ್ ಹೊರುವುದಕ್ಕೆಂದು ಹಿಂದಿನ ಕಮಾನಿಗೆ ಹೆಚ್ಚುವರಿ ಪಟ್ಟಿ ಸೇರಿಸಿಕೊಂಡು ತಾನಾಗಿ ಎತ್ತರವಾದವು, ಸಹ್ಯಾದ್ರಿಯ ಕಚ್ಚಾ ದಾರಿಗಳಿಗೆಂದು ಬೇಕೆಂದೇ ಎತ್ತರಿಸಿಕೊಂಡವು. ಎರಡಕ್ಕೂ ಕಾಯಿಲೆ ಒಂದೇ: ಹಳೆಯ ನಂಬರಿನ ಶಾಕಪ್ಪಿನ ಉದ್ದ ಸಾಲದು.

ಈ ಸಾಧನದ ಹೆಸರು ದಾರಿ ತಪ್ಪಿಸುತ್ತದೆ. ಗುಂಡಿಯ ಹೊಡೆತವನ್ನು ತಿನ್ನುವುದು ಟೈರು ಮತ್ತು ಸ್ಪ್ರಿಂಗು. ತಿಂದದ್ದನ್ನು ಸ್ಪ್ರಿಂಗು ಮತ್ತೆ ಮೇಲಕ್ಕೆ ಎಸೆಯುತ್ತದಲ್ಲ, ಆ ಎಸೆತವನ್ನು ಕೊಲ್ಲುವುದಷ್ಟೇ ಶಾಕಪ್ಪಿನ ಕೆಲಸ. ಎಂಜಿನಿಯರುಗಳು ಇದನ್ನು ಡ್ಯಾಂಪರ್ ಎನ್ನುವುದೇ ಹೆಚ್ಚು ಸರಿ. ಕೊಳವೆಯೊಳಗಿನ ಪಿಸ್ಟನ್ನಿನಲ್ಲಿ ಸಣ್ಣ ತೂತುಗಳೂ ಅವನ್ನು ಮುಚ್ಚುವ ತೆಳು ಉಕ್ಕಿನ ಬಿಲ್ಲೆಗಳೂ ಇರುತ್ತವೆ. ಪಿಸ್ಟನ್ ಚಲಿಸಿದಾಗ ಎಣ್ಣೆ ಆ ತೂತುಗಳಲ್ಲಿ ನುಸುಳಬೇಕು. ವೇಗ ಹೆಚ್ಚಿದಷ್ಟೂ ತಡೆ ಹೆಚ್ಚುತ್ತದೆ, ಚಲನೆಯ ಶಕ್ತಿ ಶಾಖವಾಗಿ ಹೊರಟುಹೋಗುತ್ತದೆ. ಸಾಮಾನ್ಯವಾಗಿ ಒಳಸರಿಯುವಾಗಿನ ತಡೆಗಿಂತ ಹೊರಚಾಚುವಾಗಿನ ತಡೆಯನ್ನು ಹೆಚ್ಚಾಗಿ ಇಟ್ಟಿರುತ್ತಾರೆ. ವಾಹನದ ಭಾರ ಹೊರುವ ಹೊಣೆ ಇದಕ್ಕಿಲ್ಲ. ಆದ್ದರಿಂದ 'ಹಿಂದೆ ಕುಸಿದಿದೆ, ಶಾಕಪ್ ಬದಲಿಸಿ' ಎಂದು ಬರುವ ಗಿರಾಕಿಗೆ ಬೇಕಾದದ್ದು ಹೆಚ್ಚಾಗಿ ಹೊಸ ಕಮಾನು ಪಟ್ಟಿ.

ರಚನೆಯಲ್ಲಿ ಎರಡು ಜಾತಿ. ಕೊಳವೆಯೊಳಗೆ ಕೊಳವೆಯಿದ್ದು ತಳದಲ್ಲೊಂದು ಕವಾಟವಿರುವ ಜೋಡಿ ಕೊಳವೆಯದು ಅಗ್ಗ, ಹೊರಕವಚ ಕಲ್ಲಿಗೆ ತಾಗಿ ಸ್ವಲ್ಪ ತಗ್ಗಾದರೂ ಓಡುತ್ತದೆ. ಒಂಟಿ ಕೊಳವೆಯದರಲ್ಲಿ ತೇಲುವ ಪಿಸ್ಟನ್ನಿನ ಆಚೆ ಹೆಚ್ಚಿನ ಒತ್ತಡದ ನೈಟ್ರೋಜನ್ ಇರುವುದರಿಂದ ಎಣ್ಣೆಯಲ್ಲಿ ನೊರೆ ಏಳುವುದಿಲ್ಲ. ಶಾಖವೂ ನೇರ ಹೊರಗೋಡೆಗೆ ಹೋಗುತ್ತದೆ. ಆದರೆ ಹೊರಗೋಡೆ ತಗ್ಗಾದರೆ ಪಿಸ್ಟನ್ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಪುಣೆಗೂ ಈ ವಸ್ತುವಿಗೂ ನಂಟು ಹಳೆಯದು. ಭಾರತದಲ್ಲಿ ಶಾಕ್ ಅಬ್ಸಾರ್ಬರ್ ಎಂದರೆ ಮೊದಲು ನಾಲಿಗೆಗೆ ಬರುವ ಗೇಬ್ರಿಯಲ್ ಇಂಡಿಯಾ 1961ರಲ್ಲಿ ಶುರುವಾಯಿತು. ಅದರ ನೋಂದಾಯಿತ ಕಚೇರಿ ಈಗ ಪುಣೆ–ನಾಸಿಕ್ ಹೆದ್ದಾರಿಯ ಕುರುಳಿಯಲ್ಲಿದೆ, ಚಾಕಣದ ಹತ್ತಿರ. ಮೂಲ ಗೇಬ್ರಿಯಲ್ ಅಮೆರಿಕದ ಕ್ಲೀವ್‌ಲ್ಯಾಂಡಿನದು. ಅದರ ಸ್ಥಾಪಕ ಕ್ಲಾಡ್ ಫಾಸ್ಟರ್ ಕಾರಿಗೆ ಕೂಡಿಸುವ ಹಾರ್ನ್ ಮಾಡಿ ಹೆಸರಾದವನು. ತುತ್ತೂರಿ ಊದುವ ದೇವದೂತನ ಹೆಸರು ಹಾರ್ನಿಗೆ ಒಪ್ಪಿತ್ತು, ಶಾಕಪ್ಪಿಗೆ ಅದು ಹಾಗೆಯೇ ಅಂಟಿಕೊಂಡು ಬಂತು. ವಾಹನಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಆಟೊಮೋಟಿವ್ ರಿಸರ್ಚ್ ಅಸೋಸಿಯೇಷನ್ ಆಫ್ ಇಂಡಿಯಾ 1966ರಲ್ಲಿ ಹುಟ್ಟಿದ್ದು, ಇದೇ ಊರಿನ ವೇತಾಳ ಗುಡ್ಡದ ಮೇಲಿದೆ. ಟಾಟಾದವರ ಪಿಕಪ್ ಟಾಟಾಮೊಬೈಲ್ 1988ರಲ್ಲಿ ಇಲ್ಲಿನ ಕಾರ್ಖಾನೆಯಿಂದಲೇ ಹೊರಬಂತು. ಅದರ ಸಂತತಿಯಾದ 207 ಬಹುಕಾಲ ಈ ಊರಿನ ಸರಕು ಹೊತ್ತಿತು. ಎತ್ತರಿಸುವ ಹುಚ್ಚಿರುವವರ ಕಣ್ಣು ಈಚೆಗೆ ಆಂಧ್ರದ ಶ್ರೀಸಿಟಿಯಲ್ಲಿ ತಯಾರಾಗಿ 2016ರಲ್ಲಿ ಬಂದ ಇಸುಝು ವಿ-ಕ್ರಾಸ್ ಮೇಲೆ, 2022ರಿಂದ ನಮ್ಮ ಬಿಡದಿಯಲ್ಲಿ ಜೋಡಣೆಯಾಗುವ ಟೊಯೋಟಾ ಹೈಲಕ್ಸ್ ಮೇಲೆ. ಎರಡರಲ್ಲೂ ಮುಂದೆ ಸುರುಳಿ ಸ್ಪ್ರಿಂಗು, ಹಿಂದೆ ಪಟ್ಟಿ ಕಮಾನು.

ಇನ್ನು ಶಾಕಪ್ ಕೊಳ್ಳುವ ಜಾಗ. 1817ರಲ್ಲಿ ಬ್ರಿಟಿಷರಿಗೂ ಪೇಶ್ವೆಗೂ ನಡೆದ ಖಡಕಿ ಕಾಳಗದ ಬೆನ್ನಲ್ಲೇ ಹುಟ್ಟಿದ ದಂಡು ಪ್ರದೇಶವೇ ಇವತ್ತಿನ ಕ್ಯಾಂಪ್. ಎಂ.ಜಿ. ರಸ್ತೆ, ಈಸ್ಟ್ ಸ್ಟ್ರೀಟುಗಳಲ್ಲಿ ನಡೆದು ಕ್ವಾರ್ಟರ್ ಗೇಟ್ ದಾಟಿದರೆ ನಾನಾ ಪೇಠೆಯ ಬಿಡಿಭಾಗಗಳ ಬಜಾರು. ಇಲ್ಲಿ ಹೊಸ ಶಾಕಪ್, ಅದರ ನಕಲು, ರಿಪೇರಿಯದು ಮೂರೂ ಸಿಗುತ್ತವೆ. ರಿಪೇರಿಯದು ಅಂದರೆ ಹಳೆಯದನ್ನು ತೆರೆದು, ಸೀಲು ಬದಲಿಸಿ, ಎಣ್ಣೆ ತುಂಬಿ, ಬೆಸುಗೆ ಹಾಕಿ ಬಣ್ಣ ಬಳಿದದ್ದು. ಊರೊಳಗೆ ಮೂಟೆ ಹೊರುವ ಹಳೆಯ ಗಾಡಿಗೆ ಅದು ಕೆಲವು ತಿಂಗಳು ನಡೆದೀತು. ಎತ್ತರಿಸಿದ ಗಾಡಿಗೆ ಹಾಕುವುದು ಹಣ ದಂಡ. ಕವಾಟದ ಬಿಲ್ಲೆ ಸವೆದಿದ್ದರೆ ಹೊಸ ಎಣ್ಣೆಯಿಂದ ಆಗುವುದೇನೂ ಇಲ್ಲ.

ಸವೆತದ ಗುರುತು

ಬಂಪರ್ ಒತ್ತಿ ಬಿಟ್ಟು ಗಾಡಿ ಎಷ್ಟು ಸಲ ಕುಣಿಯಿತೆಂದು ಎಣಿಸುವುದು ಎಲ್ಲರಿಗೂ ಗೊತ್ತಿರುವ ಪರೀಕ್ಷೆ. ಕಾರಿಗೆ ಸರಿ, ಪಿಕಪ್ಪಿಗೆ ಸಾಲದು. ಪಟ್ಟಿ ಕಮಾನಿನ ಎಲೆಗಳು ಒಂದಕ್ಕೊಂದು ಉಜ್ಜಿಕೊಂಡು ತಾವೇ ಕುಣಿತವನ್ನು ತಡೆಯುತ್ತವೆ. ಖಾಲಿ ಗಾಡಿಯ ಹಿಂಭಾಗ ಒಬ್ಬನ ತೂಕಕ್ಕೆ ಬಗ್ಗುವುದೂ ಇಲ್ಲ. ಅದಕ್ಕಿಂತ ನಂಬಬಹುದಾದದ್ದು ಕೈಯಿಂದ ಮುಟ್ಟಿ ನೋಡುವುದು. ಕೆಟ್ಟ ರಸ್ತೆಯಲ್ಲಿ ಹತ್ತಿಪ್ಪತ್ತು ಕಿ.ಮೀ. ಓಡಿಸಿ ಇಳಿದು ನಾಲ್ಕನ್ನೂ ಹುಷಾರಾಗಿ ಮುಟ್ಟಬೇಕು. ಕೆಲಸ ಮಾಡಿದ್ದು ಬಿಸಿಯಾಗಿರುತ್ತದೆ, ತಣ್ಣಗಿರುವುದು ಸತ್ತಿದೆ. ಪಿಸ್ಟನ್ನಿಗೆ ಕೂಡಿದ ಕಡ್ಡಿಯ ಬುಡದಲ್ಲಿ ತೆಳ್ಳಗೆ ಎಣ್ಣೆಯ ಪಸೆ ಕಂಡರೆ ಗಾಬರಿ ಬೇಡ. ಕೊಳವೆಯ ಉದ್ದಕ್ಕೂ ಇಳಿದು ಧೂಳು ಮೆತ್ತಿಕೊಂಡಿದ್ದರೆ ಬದಲಿಸಲೇಬೇಕು. ಟೈರಿನ ಮೇಲೆ ಅಂಗೈ ಸವರಿದಾಗ ಅಲೆ ಅಲೆಯಾಗಿ ತಗ್ಗುಗಳು ಸಿಗುವುದು, ಬ್ರೇಕ್ ಹಾಕಿದಾಗ ಮೂತಿ ತಗ್ಗುವುದು, ತಿರುವಿನಲ್ಲಿ ಗುಂಡಿ ಸಿಕ್ಕರೆ ಹಿಂಚಕ್ರ ಪಕ್ಕಕ್ಕೆ ಜಿಗಿಯುವುದು, ಇವೂ ಲಕ್ಷಣಗಳೇ. ಸಾತಾರದ ದಾರಿಯ ಖಂಬಾಟಕಿ ಘಾಟಿನಲ್ಲಿ ಇಳಿಯುವಾಗ ಈ ಕೊನೆಯದು ಕಂಡರೆ ಬೆಳಗಾವಿಯವರೆಗೆ ಹೋಗಿ ನೋಡೋಣ ಎನ್ನಬಾರದು.

ಪುಣೆಯಲ್ಲಿ ಶಾಕಪ್ ಬೇಗ ಸಾಯುವುದಕ್ಕೆ ಮಳೆಗಾಲದ ಗುಂಡಿಗಳಷ್ಟೇ ಕಾರಣವಲ್ಲ, ರಸ್ತೆ ಉಬ್ಬುಗಳೂ ಕಾರಣ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ 99 ಮಾರ್ಗಸೂಚಿಯ ಉಬ್ಬು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ಮೆಲುವಾದ ಬಾಗು. ಗಲ್ಲಿಗಳಲ್ಲಿ ಡಾಂಬರು ಸುರಿದು ಮಾಡಿದ ಗೋಡೆಗಳಿಗೂ ಈ ಅಳತೆಗೂ ಸಂಬಂಧವಿಲ್ಲ.

ಉದ್ದದ ಲೆಕ್ಕ

ಎತ್ತರಿಸಿದ ಪಿಕಪ್ಪಿನಲ್ಲಿ ಶಾಕಪ್ ಸಾಯುವುದು ಬಹುಮಟ್ಟಿಗೆ ಉದ್ದ ತಪ್ಪಿದ್ದರಿಂದ. ಛಾಸಿ ಮೇಲೆ ಹೋದಾಗ ಶಾಕಪ್ಪಿನ ಮೇಲಿನ ಕಣ್ಣೂ, ಅಂದರೆ ಬೋಲ್ಟ್ ತೂರುವ ಬಳೆಯೂ, ಮೇಲೆ ಹೋಗುತ್ತದೆ, ಕೆಳಗಿನ ಕಣ್ಣು ಆಕ್ಸಲ್ಲಿನಲ್ಲೇ ಉಳಿಯುತ್ತದೆ. ಗಾಡಿ ಸುಮ್ಮನೆ ನಿಂತಿದ್ದಾಗಲೇ ಶಾಕಪ್ ಅರ್ಧಕ್ಕಿಂತ ಹೆಚ್ಚು ಚಾಚಿಕೊಂಡಿರುತ್ತದೆ. ಚಕ್ರ ಗುಂಡಿಗೆ ಇಳಿಯಲು ಉಳಿದ ಅವಕಾಶ ಕಡಿಮೆ. ಒಂದು ಲೆಕ್ಕ ಹಿಡಿಯೋಣ. ಪೂರ್ತಿ ಚಾಚಿದಾಗ 560 ಮಿ.ಮೀ., ಪೂರ್ತಿ ಮುಚ್ಚಿದಾಗ 350 ಮಿ.ಮೀ. ಇರುವ ಹಿಂದಿನ ಶಾಕಪ್ ನಿಂತ ಗಾಡಿಯಲ್ಲಿ ಕಣ್ಣಿನಿಂದ ಕಣ್ಣಿಗೆ 450 ಮಿ.ಮೀ. ಇದೆ ಎನ್ನೋಣ. ಕೆಳಗಿಳಿಯಲು 110 ಮಿ.ಮೀ. ಇದೆ. ಅದು ನೆಟ್ಟಗಿಲ್ಲ, 30 ಡಿಗ್ರಿ ವಾಲಿದೆ. ಗಾಡಿಯನ್ನು 50 ಮಿ.ಮೀ. ಎತ್ತರಿಸಿದರೆ ಶಾಕಪ್ ಚಾಚುವುದು ಸುಮಾರು 43 ಮಿ.ಮೀ. ಉಳಿದದ್ದು 67. ದೊಡ್ಡ ಗುಂಡಿಯಲ್ಲಿ ಆಕ್ಸಲ್ ಇಷ್ಟನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ದಾಟುತ್ತದೆ. ಪಿಸ್ಟನ್ ಒಳಗಿನ ಮೇಲ್ತುದಿಗೆ ಹೊಡೆಯುತ್ತದೆ. ಆಕ್ಸಲ್ಲಿನ ಇಡೀ ತೂಕ ಒಂದು ತೆಳು ಕಡ್ಡಿಯ ಮೇಲೆ ನೇತಾಡುತ್ತದೆ. 'ಟಕ್' ಎಂಬ ಸದ್ದು ಅದೇ. ಅಂಥ ಕೆಲವು ಹೊಡೆತಗಳಿಗೆ ಸೀಲು ಬಾಯಿ ಬಿಡುತ್ತದೆ, ಕಣ್ಣಿನ ಬೆಸುಗೆ ಬಿರುಕು ಬಿಡುತ್ತದೆ. ಗಿರಾಕಿ ಕಂಪನಿಯನ್ನು ಬೈಯುತ್ತಾನೆ, ಅದೇ ನಂಬರಿನ ಇನ್ನೊಂದನ್ನು ತಂದು ಹಾಕಿಸುತ್ತಾನೆ.

ಹಾಗೆಂದು ಸಿಕ್ಕಷ್ಟು ಉದ್ದದ್ದನ್ನು ಹಾಕಿದರೆ ಎದುರು ದಿಕ್ಕಿನ ಅಪಾಯ. ಉದ್ದ ಶಾಕಪ್ ಮುಚ್ಚಿದಾಗಲೂ ಉದ್ದವೇ. ಪೂರ್ತಿ ಭಾರ ಹೇರಿದ ಗಾಡಿ ಉಬ್ಬಿಗೆ ಬಿದ್ದಾಗ ಆಕ್ಸಲ್ ಛಾಸಿಯ ಅಡಿಯ ರಬ್ಬರು ತಡೆಗೆ ತಾಗುವ ಮೊದಲೇ ಶಾಕಪ್ ತಳ ಕಂಡರೆ, ತಳದ ಕವಾಟವೋ ಛಾಸಿಯ ಬ್ರಾಕೆಟ್ಟೋ ಮುರಿಯುತ್ತದೆ. ಆದ್ದರಿಂದ ಅಳೆಯಬೇಕಾದ ಉದ್ದಗಳು ಎರಡು. ಛಾಸಿಯನ್ನು ಸ್ಟ್ಯಾಂಡಿನ ಮೇಲಿಟ್ಟು ಆಕ್ಸಲ್ಲನ್ನು ಬ್ರೇಕ್ ಪೈಪು ಬಿಗಿಯಾಗದಷ್ಟು ಇಳಿಬಿಟ್ಟು ಒಂದು. ಆಕ್ಸಲ್ಲನ್ನು ಜಾಕಿನಿಂದ ರಬ್ಬರು ತಡೆ ತಾಗುವವರೆಗೆ ಎತ್ತಿ ಇನ್ನೊಂದು. ಹೊಸ ಶಾಕಪ್ಪಿನ ಚಾಚಿದ ಉದ್ದ ಮೊದಲನೆಯದಕ್ಕಿಂತ ಹೆಚ್ಚಿರಬೇಕು, ಮುಚ್ಚಿದ ಉದ್ದ ಎರಡನೆಯದಕ್ಕಿಂತ ಕಡಿಮೆಯಿರಬೇಕು. ಟೇಪು ಹಿಡಿದು ಅಂಗಡಿಗೆ ಹೋದರೆ ಯಾರೂ ನಗುವುದಿಲ್ಲ.

ಎತ್ತರಿಸಿದ ಬಗೆಯೂ ಲೆಕ್ಕಕ್ಕೆ ಬರುತ್ತದೆ. ಹಿಂದೆ ಕಮಾನಿನ ತುದಿಯನ್ನು ಛಾಸಿಗೆ ಕೂಡಿಸುವ ಶಾಕಲ್ಲನ್ನು 50 ಮಿ.ಮೀ. ಉದ್ದ ಮಾಡಿದರೆ ಗಾಡಿ ಏಳುವುದು ಅದರ ಅರ್ಧ. ಆಕ್ಸಲ್ಲಿಗೂ ಕಮಾನಿಗೂ ನಡುವೆ ಕಟ್ಟೆಯಿಟ್ಟರೆ ಕಟ್ಟೆಯ ದಪ್ಪದಷ್ಟೇ ಏಳುತ್ತದೆ, ಸ್ಪ್ರಿಂಗಿನ ಬಿಗಿ ಬದಲಾಗುವುದಿಲ್ಲ. ಮುಂದಿನ ಆಕ್ಸಲ್ಲಿಗೆ ಮಾತ್ರ ಕಟ್ಟೆ ಇಡಲೇಬಾರದು. ಪಟ್ಟಿ ಸೇರಿಸಿದರೆ ಎತ್ತರದ ಜೊತೆಗೆ ಬಿಗಿಯೂ ಏರುತ್ತದೆ. ಬೇಕಾದ ತಡೆ ಬಿಗಿಯ ವರ್ಗಮೂಲಕ್ಕೆ ತಕ್ಕಂತೆ ಏರುವುದರಿಂದ, ಬಿಗಿ ಶೇ. 20 ಹೆಚ್ಚಿದರೆ ಶಾಕಪ್ಪಿನ ತಡೆ ಶೇ. 10ರಷ್ಟು ಹೆಚ್ಚಬೇಕು. 'ಹೆವಿ ಡ್ಯೂಟಿ' ಎಂದು ಡಬ್ಬದ ಮೇಲೆ ಬರೆದ ಅತಿ ಗಡುಸಾದದ್ದು ಇದಕ್ಕೆ ಉತ್ತರವಲ್ಲ. ಅದು ಖಾಲಿ ಗಾಡಿಯ ಚಕ್ರವನ್ನು ಗುಂಡಿಯೊಳಗೆ ಬೇಗ ಇಳಿಯಗೊಡದೆ ನೆಲದಿಂದ ಬಿಡಿಸಿಬಿಡುತ್ತದೆ.

ಮುಂದಿನ ಸುರುಳಿ ಸ್ಪ್ರಿಂಗಿನ ಜಾಗ ಇನ್ನೂ ನಾಜೂಕು. ಅಲ್ಲಿ ಶಾಕಪ್, ಚಕ್ರವನ್ನು ಛಾಸಿಗೆ ಹಿಡಿದಿಡುವ ಕೆಳ ತೋಳಿನ ನಡುಭಾಗಕ್ಕೆ ಕೂತಿರುವುದರಿಂದ ಮೇಲೆ 25 ಮಿ.ಮೀ. ಬಿಲ್ಲೆ ಇಟ್ಟರೆ ಚಕ್ರದ ಬಳಿ ಸುಮಾರು 50 ಮಿ.ಮೀ. ಏಳುತ್ತದೆ. ಚಕ್ರ ಪೂರ್ತಿ ಇಳಿದಾಗ ಮೇಲ್ತೋಳು ಸ್ಪ್ರಿಂಗಿಗೆ ತಾಗಬಹುದು. ಬಾಲ್ ಜಾಯಿಂಟು, ನಾಲ್ಕು ಚಕ್ರ ಚಾಲನೆಯಿದ್ದರೆ ಆಕ್ಸಲ್ ಜಾಯಿಂಟು, ಎಲ್ಲವೂ ಹೆಚ್ಚು ಓರೆಯಲ್ಲಿ ತಿರುಗಿ ಬೇಗ ಸವೆಯುತ್ತವೆ. ಬಿಲ್ಲೆಗಿಂತ ಆ ಎತ್ತರಕ್ಕೆಂದೇ ಮಾಡಿದ ಸ್ಪ್ರಿಂಗು ಮತ್ತು ಶಾಕಪ್ಪಿನ ಜೋಡಿ ದುಬಾರಿಯಾದರೂ ಒಳ್ಳೆಯದು.

ಬದಲಿಸುವ ಕೆಲಸ

ಒಂದು ಆಕ್ಸಲ್ಲಿನ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಹಿಂದಿನದು ಸುಲಭ. ಹಿಂದಿನ ದಿನವೇ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಟ್ಟರೆ ಅರ್ಧ ಕೆಲಸ ಮುಗಿದಂತೆ. ಮುಂದಿನ ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಛಾಸಿಯನ್ನು ಸ್ಟ್ಯಾಂಡಿನ ಮೇಲೆ ಇಳಿಸಿ, ಆಕ್ಸಲ್ಲಿಗೆ ಜಾಕಿನ ಆಸರೆ ಕೊಟ್ಟೇ ಬೋಲ್ಟ್ ಬಿಚ್ಚಬೇಕು. ಆಸರೆಯಿಲ್ಲದೆ ಬಿಚ್ಚಿದರೆ, ಆಕ್ಸಲ್ಲನ್ನು ಅಷ್ಟು ಹೊತ್ತು ಹಿಡಿದಿದ್ದದ್ದು ಆ ಶಾಕಪ್ಪೇ ಆಗಿದ್ದರೆ, ಅದು ಕೆಳಗೆ ಜಿಗಿದು ಬ್ರೇಕ್ ಪೈಪನ್ನು ಎಳೆಯುತ್ತದೆ. ಎತ್ತರಿಸಿದ ಗಾಡಿಯಲ್ಲಿ ಇದು ಆಗಾಗ ಆಗುವ ಎಡವಟ್ಟು.

ಹೊಸ ಜೋಡಿ ಕೊಳವೆಯ ಶಾಕಪ್ ಅಂಗಡಿಯಲ್ಲಿ ಮಲಗಿದ್ದು ಒಳಗೆ ಗಾಳಿ ಸೇರಿರುತ್ತದೆ. ನೆಟ್ಟಗೆ ಹಿಡಿದು ನಾಲ್ಕೈದು ಸಲ ಪೂರ್ತಿ ಎಳೆದು ಒತ್ತಿ ಆ ಗಾಳಿ ಬಿಡಿಸಬೇಕು; ಮೊದಲಿನ ಸಡಿಲು ಹೋಗಿ ತಡೆ ಒಂದೇ ಸಮನೆ ಬರುವುದು ಕೈಗೇ ತಿಳಿಯುತ್ತದೆ. ಅನಿಲ ತುಂಬಿದ್ದು ಪಟ್ಟಿ ಕಟ್ಟಿಕೊಂಡು ಮುದುಡಿ ಬರುತ್ತದೆ. ಮೇಲ್ತುದಿ ಕೂಡಿಸಿದ ಮೇಲೆ ಪಟ್ಟಿ ಕತ್ತರಿಸಿ ಅದು ಚಾಚುವಾಗ ಕೆಳಗಿನ ಕಣ್ಣಿಗೆ ದಾರಿ ತೋರಿಸಬೇಕು. ಮೇಲಿನ ನಟ್ಟು ಬಿಗಿಯುವಾಗ ಕಡ್ಡಿ ತಿರುಗಿತೆಂದು ಇಕ್ಕಳದಲ್ಲಿ ಹಿಡಿಯುವುದು ಬಹಳ ಗ್ಯಾರೇಜುಗಳ ದುರಭ್ಯಾಸ. ಹೊಳಪಿನ ಮೇಲೆ ಬಿದ್ದ ಒಂದು ಗೀರು ದಿನಕ್ಕೆ ಸಾವಿರ ಸಲ ಸೀಲನ್ನು ಕೊಯ್ಯುತ್ತದೆ.

ಕಣ್ಣುಗಳೊಳಗಿನ ರಬ್ಬರು ಬುಷ್ಷಿನ ಬೋಲ್ಟುಗಳನ್ನು ಮೊದಲು ಕೈಬಿಗಿ ಮಾಡಿ, ಗಾಡಿ ತನ್ನ ಚಕ್ರಗಳ ಮೇಲೆ ನಿಂತ ಮೇಲೆಯೇ ಕೈಪಿಡಿ ಹೇಳಿದ ಟಾರ್ಕಿಗೆ ಬಿಗಿಯಬೇಕು. ಗಾಳಿಯಲ್ಲಿ ತೂಗುತ್ತಿದ್ದಾಗಲೇ ಬಿಗಿದರೆ ರಬ್ಬರು ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ. ಮುಂದಿನ ಸುರುಳಿ ಸ್ಪ್ರಿಂಗನ್ನು ಮಾತ್ರ ಮನೆಯಂಗಳದಲ್ಲಿ ಬಿಚ್ಚಬಾರದು. ಅದುಮಿದ ಸ್ಪ್ರಿಂಗು ಕೈಜಾರಿದರೆ ತಲೆ ಒಡೆಯುತ್ತದೆ. ಪ್ರೆಸ್ ಇರುವ ಗ್ಯಾರೇಜಿಗೆ ಒಯ್ಯುವುದೇ ಸರಿ. ಮುಂಭಾಗ ಕೈಯಾಡಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ಕಡ್ಡಾಯ. ಕೆಲವು ನೂರು ಕಿ.ಮೀ. ಆದ ಮೇಲೆ ಎಲ್ಲ ಬೋಲ್ಟುಗಳಿಗೂ, ಕಮಾನಿನ ಪಟ್ಟಿ ಬಿಚ್ಚಿದ್ದರೆ ಯು-ಬೋಲ್ಟುಗಳಿಗೂ, ಇನ್ನೊಂದು ಸಲ ಪಾನಾ ಹಾಕಿ ನೋಡಬೇಕು.

ಸವೆದದ್ದನ್ನು ಬದಲಿಸುವುದು ರಿಪೇರಿ, ಅದಕ್ಕೆ ಯಾರ ಅನುಮತಿಯೂ ಬೇಡ. ಎತ್ತರಿಸುವುದು ಮಾರ್ಪಾಡು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನೋಂದಣಿ ಪತ್ರದ ವಿವರ ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವಂಥ ಬದಲಾವಣೆಯನ್ನು ತಡೆಯುತ್ತದೆ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಇದನ್ನು ಎತ್ತಿಹಿಡಿಯಿತು. ಎರಡು ಇಂಚಿನ ವಿಷಯಕ್ಕೆ ರಸ್ತೆಯಲ್ಲಿ ಯಾರೂ ಟೇಪು ಹಿಡಿಯುವುದಿಲ್ಲವೆಂಬುದು ನಿಜ. ಅಪಘಾತವಾದಾಗ ವಿಮೆಯ ಸರ್ವೇಯರ್ ಹಿಡಿಯುತ್ತಾನೆ.

ಬಿಚ್ಚಿದ ಹಳೆಯ ಶಾಕಪ್ ಪುಣೆಯಲ್ಲಿ ಭಂಗಾರದವನಿಗೆ, ನಮ್ಮಲ್ಲಿ ಗುಜರಿಗೆ ಹೋಗುತ್ತದೆ. ಜೋಡಿ ಕೊಳವೆಯದರ ಎಣ್ಣೆಯನ್ನು ಡಬ್ಬಕ್ಕೆ ಬಸಿದು ಕೊಡಬೇಕು, ಚರಂಡಿಗಲ್ಲ. ಅನಿಲ ತುಂಬಿದ ಒಂಟಿ ಕೊಳವೆಯದನ್ನು ಗ್ಯಾಸ್ ಕಟರಿನಿಂದ ಕೊಯ್ಯುವುದಾಗಲಿ ಬೆಂಕಿಗೆ ಎಸೆಯುವುದಾಗಲಿ ಕೂಡದು. ಕೊಡುವಾಗ ಭಂಗಾರದವನಿಗೆ ಬಾಯಿಬಿಟ್ಟು ಹೇಳಿಯೇ ಕೊಡಬೇಕು, ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರದ ಕಪ್ಪು ಕೊಳವೆಗಳು.