ಮೊದಲ ನೂರು

ಕ್ರಿಕೆಟ್ ದಾಖಲೆಗಳೆಂದರೆ ನಮ್ಮ ಮನೆಗಳಲ್ಲಿ ಗಂಡಸರ ಮಾತು. 1987ರಲ್ಲಿ ಗಾವಸ್ಕರ್ ಎಲ್ಲರಿಗಿಂತ ಮೊದಲು ಟೆಸ್ಟ್‌ನಲ್ಲಿ ಹತ್ತು ಸಾವಿರ ರನ್ ದಾಟಿದ್ದು, 1999ರಲ್ಲಿ ನಮ್ಮ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ ಕಿತ್ತದ್ದು, ಎಲ್ಲ ರಾಮನಗರದ ರೇಷ್ಮೆಗೂಡಿನ ಧಾರಣೆಯಷ್ಟೇ ಸಲೀಸಾಗಿ ಅವರ ನಾಲಿಗೆಯ ಮೇಲಿರುತ್ತದೆ. ಟೆಸ್ಟ್‌ನಲ್ಲಿ ನೂರು ಹೊಡೆದ ಭಾರತದ ಮೊದಲ ಹೆಂಗಸು ಯಾರೆಂದು ಕೇಳಿ ನೋಡಿ, ಮಾತು ನಿಂತುಹೋಗುತ್ತದೆ.

ಅವರೇನೂ ದೂರದವರಲ್ಲ, ಬೆಂಗಳೂರಿನ ಶಾಂತಾ ರಂಗಸ್ವಾಮಿ. ರಾಮನಗರದಲ್ಲಿ ರೈಲು ಹತ್ತಿದರೆ ಸುಮಾರು ಒಂದು ಗಂಟೆಯ ದಾರಿ. 1976ರಲ್ಲಿ ಭಾರತದ ಮಹಿಳಾ ತಂಡ ಮೊಟ್ಟಮೊದಲ ಟೆಸ್ಟ್ ಆಡಿದ್ದು ಬೆಂಗಳೂರಿನಲ್ಲೇ, ವೆಸ್ಟ್ ಇಂಡೀಸ್ ವಿರುದ್ಧ. ನಾಯಕಿ ಇವರೇ. ಅದೇ ಸರಣಿಯಲ್ಲಿ ಪಟ್ನಾದಲ್ಲಿ ಮೊದಲ ಗೆಲುವೂ ಬಂತು. 1977ರ ಜನವರಿಯಲ್ಲಿ ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ ಆ ನೂರು, ಸರಿಯಾಗಿ ಹೇಳಬೇಕೆಂದರೆ 108. ಅರ್ಜುನ ಪ್ರಶಸ್ತಿ ಪಡೆದ ಮೊದಲ ಮಹಿಳಾ ಕ್ರಿಕೆಟಿಗರೂ ಅವರೇ.

ಆಗ ಆ ಹುಡುಗಿಯರು ಹಾಸಿಗೆ ಸುತ್ತಿಕೊಂಡು, ಕಾದಿರಿಸದ ಬೋಗಿಗಳಲ್ಲಿ ಊರೂರಿಗೆ ಹೋಗಿ ಆಡಿಬರುತ್ತಿದ್ದರು. ಮಹಿಳಾ ಕ್ರಿಕೆಟ್ ಬಿಸಿಸಿಐ ಆಶ್ರಯಕ್ಕೆ ಬಂದದ್ದು 2006ರಲ್ಲಿ. ಗಂಡಸರಷ್ಟೇ ಪಂದ್ಯದ ಸಂಭಾವನೆ ಘೋಷಣೆಯಾದದ್ದು 2022ರಲ್ಲಿ. 2025ರಲ್ಲಿ ಹರ್ಮನ್‌ಪ್ರೀತ್ ಕೌರ್ ತಂಡ ವಿಶ್ವಕಪ್ ಗೆದ್ದಾಗ ನನಗೆ ನೆನಪಾದದ್ದು ಆ ಹಾಸಿಗೆ ಸುರುಳಿಗಳೇ.

ನಮ್ಮ ಚನ್ನಪಟ್ಟಣದಲ್ಲಿ ಹುಡುಗಿಯರ ಕೈಗೆ ಬೊಂಬೆ ತಾನಾಗಿ ಬರುತ್ತದೆ. ಬ್ಯಾಟನ್ನು ಮಾತ್ರ ಕೇಳಿ ಪಡೆಯಬೇಕು. ಕನಕಪುರದಲ್ಲೋ ಮಾಗಡಿಯಲ್ಲೋ ಅಣ್ಣನ ಬ್ಯಾಟು ಕೇಳುವ ಮಗಳಿಗೆ, 'ನೀನು ಚೆಂಡು ಹೆಕ್ಕಿಕೊಡಮ್ಮ ಸಾಕು' ಎನ್ನುವ ಮೊದಲು ನಾವು ತಾಯಂದಿರು ಆ 108ನ್ನು ಒಮ್ಮೆ ನೆನೆಯೋಣ.