ಲ್ಯೂಬಾಳ ಹೊಟ್ಟೆಯಲ್ಲಿದ್ದ ಹಾಲು



ಹಳೆಯ ಶಿಲಾಯುಗದ ಪಾಠ ಬಂದಾಗ ನಾನು ಪುಸ್ತಕವನ್ನು ಮಡಿಚಿಟ್ಟು ಹೇಳುತ್ತಿದ್ದ ಮ್ಯಾಮತ್ ಮರಿಯ ಕಥೆ ನಿಮ್ಮಲ್ಲಿ 2008ರ ನಂತರದ ತಂಡದವರಿಗೆ ನೆನಪಿರಬಹುದು. ಉಳಿದವರಿಗಾಗಿ ಅದನ್ನು ಮೊದಲು ಹೇಳಿಬಿಡುತ್ತೇನೆ.

2007ರ ಮೇ ತಿಂಗಳು. ಸೈಬೀರಿಯಾದ ವಾಯವ್ಯದಲ್ಲಿರುವ ಯಮಾಲ್ ಪರ್ಯಾಯದ್ವೀಪ. ಯುರಿಬೇ ನದಿಯ ದಂಡೆಯಲ್ಲಿ ಯೂರಿ ಖುದಿ ಎಂಬ ಹಿಮಸಾರಂಗ ಪಾಲಕನಿಗೆ ಒಂದು ಮ್ಯಾಮತ್ ಮರಿಯ ಶವ ಕಂಡಿತು. ಆತ ನೆನೆಟ್ಸ್ ಬುಡಕಟ್ಟಿನವನು. ಮ್ಯಾಮತ್‌ಗಳು ಪಾತಾಳದಲ್ಲಿ ಸಂಚರಿಸುತ್ತವೆ, ಅವುಗಳ ಅವಶೇಷವನ್ನು ಮುಟ್ಟುವುದು ಅಪಶಕುನ ಎಂಬುದು ಆ ಜನರ ನಂಬಿಕೆ. ಆದುದರಿಂದ ಅದನ್ನು ಮುಟ್ಟದೆ, ಗೆಳೆಯನ ಸಲಹೆಯಂತೆ ವಸ್ತುಸಂಗ್ರಹಾಲಯಕ್ಕೆ ಸುದ್ದಿ ತಲುಪಿಸಿದನು. ಮರಳಿ ಬಂದು ನೋಡಿದರೆ ಮರಿಯೇ ಇಲ್ಲ! ಸಂಬಂಧಿಯೊಬ್ಬನು ಅದನ್ನು ನೋವಿ ಪೋರ್ಟ್ ಎಂಬ ಊರಿನ ಅಂಗಡಿಯವನಿಗೆ ಎರಡು ಸ್ನೋಮೊಬೈಲ್‌ಗಳಿಗೆ ಕೊಟ್ಟುಬಿಟ್ಟಿದ್ದನು. ಅಲ್ಲಿ ನಾಯಿಗಳು ಅದರ ಬಲಗಿವಿಯ ಭಾಗವನ್ನೂ ಬಾಲವನ್ನೂ ಕಚ್ಚಿ ತಿಂದಿದ್ದವು. ನೆಲವು ಸುಮಾರು 42,000 ವರ್ಷ ಕಾಪಾಡಿದ್ದನ್ನು ನಾವು ಮನುಷ್ಯರು ಕಾಪಾಡಿದ ಬಗೆ ಇದು. ಕೊನೆಗೆ ಮರಿಯನ್ನು ಹೆಲಿಕಾಪ್ಟರಿನಲ್ಲಿ ಸಲೆಖಾರ್ಡ್ ನಗರದ ಸಂಗ್ರಹಾಲಯಕ್ಕೆ ಒಯ್ದರು. ಯೂರಿಯ ಹೆಂಡತಿಯ ಹೆಸರನ್ನೇ ಅದಕ್ಕೂ ಇಟ್ಟರು. ಲ್ಯೂಬಾ ಎಂದರೆ ರಷ್ಯನ್ ಭಾಷೆಯಲ್ಲಿ ಪ್ರೀತಿಗೆ ಸಂಬಂಧಿಸಿದ ಹೆಸರು.

ತೂಕ 50 ಕಿಲೋ, ಎತ್ತರ 85 ಸೆಂಟಿಮೀಟರ್. ಕಣ್ಣಿನ ರೆಪ್ಪೆಗೂದಲು ಕೂಡ ಉಳಿದಿತ್ತು. ಹೆಪ್ಪುಗಟ್ಟಿದ ನೆಲವಷ್ಟೇ ಇದಕ್ಕೆ ಕಾರಣವಲ್ಲ. ನಮ್ಮ ಮನೆಯಲ್ಲಿ ಹಾಲು ಮೊಸರಾಗುವಾಗ ಉಂಟಾಗುವ ಲ್ಯಾಕ್ಟಿಕ್ ಆಮ್ಲವನ್ನೇ ಕೆಲವು ಬ್ಯಾಕ್ಟೀರಿಯಾಗಳು ಆ ಶವದಲ್ಲಿಯೂ ಉಂಟುಮಾಡಿ, ಅದನ್ನು ಉಪ್ಪಿನಕಾಯಿಯಂತೆ ಕೆಡದೆ ಇರಿಸಿದ್ದವೆಂದು ವಿಜ್ಞಾನಿಗಳು ಹೇಳುತ್ತಾರೆ. ಟೋಕಿಯೊದಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿಸಿದಾಗ ಸೊಂಡಿಲು, ಬಾಯಿ, ಶ್ವಾಸನಾಳಗಳಲ್ಲಿ ನುಣುಪಾದ ಕೆಸರು ತುಂಬಿರುವುದು ಗೊತ್ತಾಯಿತು. ಮರಿಯು ಕೆಸರಿನಲ್ಲಿ ಸಿಲುಕಿ ಉಸಿರುಕಟ್ಟಿ ಸತ್ತಿತ್ತು. ಹಲ್ಲಿನ ಬೆಳವಣಿಗೆಯ ಗೆರೆಗಳನ್ನು ಎಣಿಸಿ, ವಯಸ್ಸು ಒಂದು ತಿಂಗಳು, ಹೆಚ್ಚೆಂದರೆ ಮೂವತ್ತೈದು ದಿನ ಎಂದು ನಿರ್ಣಯಿಸಿದರು. ಹೊಟ್ಟೆಯಲ್ಲಿ ತಾಯಿಯ ಹಾಲಿತ್ತು.

ತರಗತಿಯಲ್ಲಿ ನೀವು ಕೇಳುತ್ತಿದ್ದ ಪ್ರಶ್ನೆಗಳು ಬೇರೆ. ದಂತ ಮೂಡಿತ್ತೇ? ಮತ್ತೆ ಜೀವ ಬರಿಸಬಹುದೇ? ಹಿಂದಿನ ಬೆಂಚಿನಿಂದ, ಆ ಅಂಗಡಿಯವನು ಏನಾದ ಸಾರ್?

ಕಳೆದ ವರ್ಷ ಬಾಣಂತನಕ್ಕೆಂದು ಬಂದಿದ್ದ ಮಗಳಿಗೆ, ಮಾತಿಗೆ ಮಾತು ಬಂದು, ಇದೇ ಕಥೆಯನ್ನು ಹೇಳಿದೆ. ಮೊಮ್ಮಗಳಿಗೆ ಆಗ ಮೂವತ್ತೆರಡು ದಿನ. ಹಾಲಿನ ಮಾತು ಬಂದೊಡನೆ ಅವಳು ತೊಟ್ಟಿಲಲ್ಲಿ ನಿದ್ರಿಸುತ್ತಿದ್ದ ಕೂಸನ್ನು ಎತ್ತಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ, "ಆ ತಾಯಿ ಎಷ್ಟು ಹೊತ್ತು ಅಲ್ಲೇ ನಿಂತಿದ್ದಳೋ ಅಪ್ಪಾ? ಹಾಲು ಕಟ್ಟಿಕೊಂಡು ಎಷ್ಟು ನೋವಾಗಿರಬೇಕು" ಎಂದು ಅತ್ತಳು. ಬಾಣಂತಿಗೆ ಹೇಳುವ ಕಥೆಯೇ ಇದು ಎಂದು ನನ್ನ ಶ್ರೀಮತಿಯವರಿಂದ ನನಗೆ ಪೂಜೆಯಾಯಿತು.

ಅವಳ ಪ್ರಶ್ನೆಯನ್ನು ಭಾವುಕತೆಯೆಂದು ನಾನು ತಳ್ಳಿಹಾಕಲಾರೆ. ಇತಿಹಾಸಕ್ಕೆ ಆಧಾರ ಬೇಕು, ನಿಜ. ಆದರೆ ಆ ತಾಯಿಯ ಆಧಾರಗಳು ಮರಿಯ ದೇಹದೊಳಗೇ ಇವೆ. ಮರಿ ಕೊಬ್ಬಿ ಪುಷ್ಟವಾಗಿತ್ತು, ಎಂದರೆ ಹಾಲಿಗೆ ಕೊರತೆಯಿರಲಿಲ್ಲ. ಕರುಳಿನಲ್ಲಿ ದೊಡ್ಡ ಮ್ಯಾಮತ್‌ನ ಲದ್ದಿ ಸಿಕ್ಕಿತು. ಬಹುಶಃ ತಾಯಿಯದೇ. ಇಂದಿನ ಆನೆಮರಿಗಳೂ ತಾಯಿಯ ಲದ್ದಿಯನ್ನು ತಿನ್ನುತ್ತವೆ. ಹುಲ್ಲನ್ನು ಅರಗಿಸುವ ಸೂಕ್ಷ್ಮಜೀವಿಗಳು ಹೊಟ್ಟೆಗೆ ಸೇರುವುದು ಹೀಗೆಯೇ. ಅಂದರೆ ಸಾಯುವ ಕೆಲವೇ ಸಮಯದ ಮುಂಚೆ ತಾಯಿ ಪಕ್ಕದಲ್ಲಿಯೇ ಇದ್ದಳು. ಇನ್ನು ಆಮೇಲಿನದು. ಮ್ಯಾಮತ್‌ಗೆ ಬದುಕಿರುವ ಪ್ರಾಣಿಗಳಲ್ಲಿ ಅತಿ ಸಮೀಪದ ಬಂಧು ಆಫ್ರಿಕಾದ ಆನೆಯಲ್ಲ, ನಮ್ಮ ನಾಗರಹೊಳೆ, ಬಂಡೀಪುರಗಳಲ್ಲಿರುವ ಏಷ್ಯಾದ ಆನೆ. ಇದು ಸುಮಾರು ಇಪ್ಪತ್ತೆರಡು ತಿಂಗಳು ಹೊತ್ತು ಹೆರುತ್ತದೆ. ಸತ್ತ ಮರಿಯನ್ನು ಸೊಂಡಿಲಿನಿಂದ ಎಬ್ಬಿಸಲು ನೋಡುತ್ತ ಬಹಳ ಹೊತ್ತು ಬಿಟ್ಟು ಕದಲದ ತಾಯಾನೆಗಳನ್ನು ಕಂಡವರಿದ್ದಾರೆ.

ಲ್ಯೂಬಾಳನ್ನು 2010ರಲ್ಲಿ ಚಿಕಾಗೊದಲ್ಲಿಯೂ 2014ರಲ್ಲಿ ಲಂಡನ್ನಿನಲ್ಲಿಯೂ ಪ್ರದರ್ಶನಕ್ಕೆ ಇಟ್ಟಿದ್ದರು. ನಿಮ್ಮಲ್ಲಿ ಹಲವರು ಆ ಊರುಗಳ ಕಡೆ ಇದ್ದೀರಿ. ಯಾರಾದರೂ ನೋಡಿದ್ದರೆ ದಯವಿಟ್ಟು ಬರೆಯಿರಿ. ಮಗಳಿಗೆ ಓದಿ ಹೇಳುತ್ತೇನೆ.